ಪಕಾರವಿಲ್ಲದ ಊರಿನಲ್ಲಿ

ಸೊಹಾರ್ ಬಂದರು. ರಾತ್ರಿ ಎರಡೂವರೆ.
ಕಂಟೇನರುಗಳ ಭಾರ ಕೂಡಿಸುವ ಪ್ರೋಗ್ರಾಮಿನಲ್ಲಿ
'ತೂಕ' ಎಂದು ನಾನೇ ಇಟ್ಟ ಹೆಸರನ್ನು
ತೂಕಡಿಸುತ್ತ 'ತೂಗ' ಎಂದು ಒತ್ತಿದೆ.

ಕಂಪೈಲರು ಬೈಯಲಿಲ್ಲ.
ಮೂವತ್ತೇಳನೆಯ ಸಾಲಿಗೊಂದು ಬಾಣದ ಗುರುತು,
ಕೆಳಗೆ: ತೂಗ ಎಂಬುದು ಇಲ್ಲಿಲ್ಲ,
ನೀವು ಹೇಳಹೊರಟದ್ದು ತೂಕವೇ?

ಒಳಗೆ ಅದು ಬೆರಳು ಮಡಿಸಿ ಎಣಿಸಿದೆ:
ಒಂದಕ್ಷರ ಅಳಿಸಿ, ಒಂದು ಸೇರಿಸಿ, ಒಂದು ಬದಲಿಸಿ
ಇಲ್ಲಿಂದ ಅಲ್ಲಿಗೆ ಎಷ್ಟು ಹೆಜ್ಜೆ.
ತೀರ ದೂರವಾದರೆ ಸುಮ್ಮನಿರುತ್ತದೆ.
ಹತ್ತಿರವಿದ್ದರೂ
ತಾನೇ ತಿದ್ದುವುದಿಲ್ಲ. ಕೇಳುತ್ತದೆ.

ಸುಲೈಮಾನಿ ತಂದ ಪಕೀರಣ್ಣ ಹೆಗಲ ಮೇಲಿಂದ ಇಣುಕಿ
"ಎಂತಂತೆ ಅದಕ್ಕೆ?" ಎಂದ. ಹೇಳಿದೆ.
ನಕ್ಕು, ಎದೆಯ ಮೇಲಿನ ಕಾರ್ಡು ತಿರುಗಿಸಿ ಹಿಡಿದ.
ಅರಬಿಯಲ್ಲಿ ಪಕಾರವಿಲ್ಲ.
ಹನ್ನೊಂದು ವರ್ಷದ ಹಿಂದೆ ಕೌಂಟರಿನವನು
ತಲೆಯೆತ್ತದೆ ಬರೆದದ್ದು: ಬಕೀರ.
ಸಂಬಳ, ಜ್ವರದ ಚೀಟಿ, ಮೆಸ್ಸಿನ ಬಾಕಿ
ಎಲ್ಲ ಆ ಬಕೀರನದೇ.

ಬೆಳಗಿನ ಹಾಜರಿಗೆ ಹೆಸರು ಕೂಗಿದಾಗ
ಈಗಲೂ ಒಮ್ಮೆ
ಹಿಂದೆ ತಿರುಗಿ ನೋಡುತ್ತಾನೆ,
ಯಾರಾದರೂ ನಿಂತಿದ್ದಾರೋ ಎಂದು.
ಆಮೇಲೆ ಕೈಯೆತ್ತುತ್ತಾನೆ.