ಗುಣವಾದ ಹಂದಿ

ಹೆಸರಿಡಬೇಡಿ ಎಂದಿದ್ದರು ಮೊದಲ ದಿನವೇ.
ಕಿವಿಯಲ್ಲಿ ಹಳದಿ ಬಿಲ್ಲೆ ಇದೆಯಲ್ಲ,
ನಾನೂರ ಹದಿನೇಳು, ಅಷ್ಟು ಸಾಕು.
ನಾನು ಇಡಲಿಲ್ಲ.
ಬೆಳಗಿನ ಆರಕ್ಕೆ, ಲಾಬೆ ನದಿಯ ಮಂಜು
ಕೊಟ್ಟಿಗೆಯ ಕಿಟಕಿಗೆ ಒರಗಿ ನಿಂತಾಗ
ಬಕೆಟ್ಟು ತುಸು ಸದ್ದಾದರೂ ಮೂತಿಯೆತ್ತಿ ಓಡಿ ಬರುತ್ತಿದ್ದ.
‘ಬಾರೋ’ ಎನ್ನುತ್ತಿದ್ದೆ.
ಬಾರೋ ಎಂಬುದು ಹೆಸರಲ್ಲವಲ್ಲ.

ಹುಟ್ಟುವಾಗಲೇ ಎಡ ಪಕ್ಕೆಗೆ ಕಪ್ಪು ಚುಕ್ಕೆ.
ತಿಂಗಳಿಗೆ ಮೆಣಸಿನ ಕಾಳು, ಎರಡಕ್ಕೆ ಚೆರ್ರಿ,
ಮೂರಕ್ಕೆ ಒಡೆದ ಪ್ಲಮ್ ಹಣ್ಣು, ಅಂಚಿನಲ್ಲಿ ರಸ.
ಡಾಕ್ಟರ್ ರಾದ್ಕಾ ಸ್ಕೇಲು ಹಿಡಿದು ಅಳೆಯುವರು,
ನಾನು ಕಿವಿಯ ಹಿಂದೆ ತುರಿಸುತ್ತ ಹಿಡಿದಿರುವೆ.
“ಇಲಿಯಲ್ಲಿ ಗೆದ್ದ ಔಷಧ ನಮ್ಮಲ್ಲಿ ಸೋಲುತ್ತದೆ, ವ್ಲಾಸ್ತಾ.
ಇವನ ತೊಗಲು ನೋಡು, ನಮ್ಮದೇ.”
ನನ್ನ ಮುಂಗೈ ನೋಡಿಕೊಂಡೆ.
ಅರವತ್ತೆರಡರ ಮುಂಗೈ. ಹೌದು, ನಮ್ಮದೇ.

ನನ್ನಣ್ಣ ಓಲ್ದ್ರಿಖ್ ಮರಳು ಸಾಗಿಸುವ ದೋಣಿಯಲ್ಲಿದ್ದ,
ಬೇಸಿಗೆಯೆಲ್ಲ ಬರಿಮೈ.
ಕತ್ತಿನ ಹಿಂದಿನ ಮಚ್ಚೆ ಅವನಿಗೆ ಕಾಣುವಂತಿರಲಿಲ್ಲ.
ಕಂಡವರಾರೂ ಹೇಳಲಿಲ್ಲ. ನಾನು ಕಂಡಿದ್ದೆ.
ಕಾಲರಿಗೆ ರಕ್ತ ತಾಗಿದ ಮೇಲೆ
ಎಂಟು ತಿಂಗಳು.

ನಾಲ್ಕನೆಯ ತಿಂಗಳು ಹಂದಿಯ ಪ್ಲಮ್ಮು ಬಾಡತೊಡಗಿತು.
ಯಾರೂ ಏನೂ ಕೊಟ್ಟಿರಲಿಲ್ಲ.
ಮೊದಲು ಬೂದಿ ಬಣ್ಣ, ಆಮೇಲೆ ಒಣ ಹಕ್ಕಳೆ,
ಸುತ್ತಲ ಕೂದಲೆಲ್ಲ ಸುಣ್ಣದ ಬಿಳಿ;
ರೆಪ್ಪೆಯೂ ಬೆಳ್ಳಗಾಯಿತು, ಒಂದೇ ಕಣ್ಣಿನದು.
ಕೆಲವಕ್ಕೆ ಹೀಗಾಗುತ್ತದಂತೆ, ಕೆಲವಕ್ಕೆ ಇಲ್ಲ.
ಪಕ್ಕದ ಅಂಕಣದ ತಂಗಿ, ಅದೇ ತಾಯ ಹಾಲು, ಅದೇ ಬಾರ್ಲಿ,
ಅಕ್ಟೋಬರ್ ದಾಟಲಿಲ್ಲ.

ರಾದ್ಕಾ ಗಂಬೂಟಿನಲ್ಲೇ ಕುಣಿದುಬಿಟ್ಟರು.
ನಾನು ಒಂದು ಸೇಬು ಕದ್ದು ತಿನ್ನಿಸಿದೆ.
ಆಮೇಲೆ ಗೋಡೆಯ ಹಾಳೆಯಲ್ಲಿ ತಾರೀಕು ಬಂತು.
ಹೇಗೆ ಬದುಕಿದ ಎಂದು ತಿಳಿಯಬೇಕಾದರೆ
ಬದುಕಿದವನನ್ನೇ ಬಿಚ್ಚಿ ನೋಡಬೇಕು:
ಗುಲ್ಮ, ದುಗ್ಧಗ್ರಂಥಿ,
ಆ ಬಿಳಿ ಚರ್ಮದ ಅಂಗೈಯಗಲ.

ಡಿಸೆಂಬರಿನಲ್ಲಿ ನಮ್ಮ ಹಿತ್ತಲಲ್ಲೂ ಹಂದಿ ಕಡಿಯುತ್ತೇವೆ.
ಹೆಪ್ಪುಗಟ್ಟದ ಹಾಗೆ ರಕ್ತ ಕದಡುವುದು ನನ್ನದೇ ಕೆಲಸ.
ಯಾವತ್ತೂ ಕೈ ನಡುಗಿಲ್ಲ. ಯಾಕೆ ಹೇಳಿದೆನೆಂದರೆ
ನನ್ನನ್ನು ಮೆದು ಹೆಂಗಸು ಎಂದುಕೊಳ್ಳಬೇಡಿ.

ಆ ಬೆಳಿಗ್ಗೆ ನಿಯಮದಂತೆ ಉಪವಾಸ. ಬಕೆಟ್ಟು ಮುಟ್ಟಲಿಲ್ಲ.
ಆದರೂ ಬಂದ.
ಮಂಪರಿನ ಸೂಜಿ ಕಿವಿಯ ಹಿಂದೆ,
ನಾನು ದಿನಾ ತುರಿಸುವ ಜಾಗದಲ್ಲೇ ಇಳಿಯಿತು.
ತಲೆ ನನ್ನ ಮೊಣಕಾಲ ಮೇಲೆ ಭಾರವಾಗುತ್ತ, ಭಾರವಾಗುತ್ತ ಬಂತು.

ಹನ್ನೊಂದಕ್ಕೆ ಅಂಕಣ ತೊಳೆದೆ.
ತೊಟ್ಟಿಯ ಅಂಚಿಗೆ ಅಂಟಿದ ನಾಲ್ಕಾರು ಬಿಳಿ ಕೂದಲು
ಪೈಪಿನ ನೀರಿಗೂ ಹೋಗಲಿಲ್ಲ. ಉಗುರಿನಿಂದ ಕೆರೆದೆ.

ಸಂಜೆ ರಾದ್ಕಾ ಕೋಟು ಹಾಕಿಕೊಳ್ಳುವಾಗ ಕೇಳಿದೆ,
ನನ್ನ ಕತ್ತಿನ ಹಿಂದೆ ಏನಾದರೂ ಇದೆಯಾ, ನೋಡಿ ಹೇಳಿ.
ಜಡೆ ಸರಿಸಿದರು. ಬೆರಳು ತಣ್ಣಗಿದ್ದವು.
ತುಂಬ ಹೊತ್ತು ಮಾತಾಡಲಿಲ್ಲ.
ಆಮೇಲೆ, ಅಭ್ಯಾಸಬಲ,
ಜೇಬಿನಿಂದ ಸ್ಕೇಲು ತೆಗೆದರು.