ಕಡೀದು, ಕಡೀದು ಎರಡು, ಇದೇ ಕಡೀದು

ಗಂಗಾವತಿಯಲ್ಲಿ ರಾತ್ರಿ ಒಂದೂವರೆ. ರೈಸ್ ಮಿಲ್ಲಿನ ಕುದಿಭತ್ತದ ವಾಸನೆ
ಕಿಟಕಿಯಿಂದ ಬಂದು ಹೆಡ್‌ಫೋನಿನ ಮೇಲೆ ಕೂತಿದೆ.
ಲ್ಯಾಪ್‌ಟಾಪಿನ ಉದ್ದನೆಯ ಗುಂಡಿ ಕಿತ್ತುಹೋಗಿ
ಐಸ್‌ಕ್ರೀಮ್ ಕಡ್ಡಿ ಅಂಟಿಸಿದ್ದೇನೆ.
ಒತ್ತಿದರೆ ಹಾಡು ನಿಲ್ಲುತ್ತದೆ,
ಕೆಲವು ಸಲ ಒತ್ತದಿದ್ದರೂ.

ನಾಡಿದ್ದು ನಮ್ಮೂರಲ್ಲೇ ಮೆರವಣಿಗೆ. ಮದುಮಗನ ಅಣ್ಣ ಹೇಳಿಹೋಗಿದ್ದಾನೆ:
'ಹಾಡು ಶುರುವಾಗೂಕಿಂತ ಮುಂಚೆ ನಾ ಟ್ರ್ಯಾಕ್ಟರ್ ಮ್ಯಾಲಿಂದ ಜಿಗೀಬೇಕು,
ಅಷ್ಟು ಜಾಗ ಇಡು.'
ಹದಿನಾರು ಪೆಟ್ಟು ಇಟ್ಟೆ. ಅವನ ಹೊಟ್ಟೆ ನೆನೆದು
ಮೂವತ್ತೆರಡು ಮಾಡಿದೆ.
ಎರಡನೇ ಚರಣ ಕಿತ್ತೆಸೆದೆ. ಅಲ್ಲಿ ನಾಯಕಿ ಅಳುತ್ತಾಳೆ,
ಅವಳು ಅಳುವಾಗ ಎಲ್ಲರೂ ನೀರು ಕುಡಿಯಲು ಹೋಗುತ್ತಾರೆ.

ಕತ್ತರಿಸಲಿಕ್ಕೂ ಒಂದು ಜಾಗ ಇದೆ:
ಅಲೆ ಮೇಲಿಂದ ಇಳಿದು, ಕೆಳಕ್ಕೆ ಹೋಗುವ ಮುನ್ನ
ನಡುಗೆರೆ ದಾಟುತ್ತದಲ್ಲ, ಅಲ್ಲಿ.
ಕೂದಲೆಳೆ ತಪ್ಪಿದರೆ ಟಿಕ್ ಅನ್ನುತ್ತದೆ,
ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ.
ಕುಣಿಯುವವರಿಗೆ ಗೊತ್ತಾಗುವುದಿಲ್ಲ.
ಅವರ ಕಾಲಿಗೆ ಗೊತ್ತಾಗುತ್ತದೆ.

ಕಿತ್ತ ಜಾಗಕ್ಕೆ ಯಮನೂರಪ್ಪ ಕಾಕಾನ ಹಲಗೆ.
ಹೋದ ವಾರ ಅಂಗಳದಲ್ಲಿ ಹುಲ್ಲು ಹೊತ್ತಿಸಿ, ಚರ್ಮ ಕಾಸಿ,
ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬಾರಿಸಿದ.
ಉಪ್ಪಿನ ಡಬ್ಬಿಗೆ ಒರಗಿಸಿದ ನನ್ನ ಫೋನು ಕೇಳಿಸಿಕೊಂಡಿತು.
ಹನ್ನೊಂದು ನಿಮಿಷ. ನಡುವೆ ಒಂದು ಕೋಳಿ, ಒಂದು ಕೆಮ್ಮು.
ತೆರೆಯ ಮೇಲೆ ಅದು ಆನೆಗೊಂದಿ ದಾರಿಯ ಗುಡ್ಡ:
ಬಂಡೆಯ ಮೇಲೆ ಬಂಡೆ, ಯಾರೂ ಅಳೆದು ಇಟ್ಟಿಲ್ಲ,
ಬೀಳುವುದೂ ಇಲ್ಲ.

ಸಾಫ್ಟ್‌ವೇರು ಅದರ ಮೇಲೆ ತನ್ನ ಬಿಳಿ ಗೆರೆ ಎಳೆಯಿತು, ಸರಿಸಮ.
ನೂರಾ ಹದಿನೆಂಟು ಅಂದಿತು. ನೂರಾ ಇಪ್ಪತ್ಮೂರು ಅಂದಿತು.
ನೂರಾ ಹತ್ತಕ್ಕೆ ಇಳಿದು ಸುಮ್ಮನಾಯಿತು,
ಲೆಕ್ಕ ತಪ್ಪಿದ ದಲಾಲಿ ಅಂಗಡಿ ಗುಮಾಸ್ತನ ಹಾಗೆ.
ನಾನು ಒಂದೊಂದೇ ಪೆಟ್ಟಿನ ಕಿವಿ ಹಿಡಿದು ಗೆರೆಗೆ ಎಳೆದೆ.
'ಕಡೀದು' ಅಂತ ಹೆಸರಿಟ್ಟು ಉಳಿಸಿ ಕೇಳಿದೆ.
ಪೊಲೀಸ್ ಕವಾಯತು.
'ಕಡೀದು ಎರಡು' ಇನ್ನೂ ಶಿಸ್ತಿನ ಕವಾಯತು.

ಬೆಳಿಗ್ಗೆ ಹೋಗಿ ಕಾಕಾನ ಕಿವಿಗೆ ಹೆಡ್‌ಫೋನು ಹಾಕಿದೆ.
'ಇಲ್ಲ್ಯಾಕ ನಿಧಾನಾದಿ?'
ಕಣ್ಣು ಮುಚ್ಚಿದ. 'ಅದು ರೇಷನ್ ಅಂಗಡಿ ಏರು.
ಮಂದಿಗಿ ಉಸುರು ಹತ್ತತೈತಿ.'
'ಇಲ್ಲಿ ಓಡಿದಿಯಲ್ಲ?'
'ಗೌಡ್ರ ಮನಿ ಮುಂದ. ಅಲ್ಲಿ ನಿಂತು ಬಾರಿಸೂ ಹಂಗಿದ್ದಿಲ್ಲ ನಾವು.
ಜಲ್ದಿ ದಾಟಬೇಕಿತ್ತು.'

ಕುರ್ಚಿಯಲ್ಲಿ ಕೂತೇ
ಅಷ್ಟೂ ಓಣಿ ನಡೆದಿದ್ದ.

ಆ ರಾತ್ರಿ ಗೆರೆಗಳನ್ನೆಲ್ಲ ಅಳಿಸಿದೆ.
ಹಾಡನ್ನೇ ಎಳೆದು, ಕುಗ್ಗಿಸಿ, ಅವನ ಕಾಲಿಗೆ ಕಟ್ಟಿದೆ.
ಹಳದಿ ಗುಂಡಿಗೆ ರೇಷನ್ ಅಂಗಡಿ, ಹಸಿರಿಗೆ ಬಸ್ ಸ್ಟ್ಯಾಂಡಿನ ತಿರುವು.
ಗೌಡರ ಮನೆಯ ಮುಂದೆ ಓಡಿದ ಎಂಟು ಪೆಟ್ಟು ಮಾತ್ರ
ಬೇರೆ ಕತ್ತರಿಸಿ ಕೆಂಪಿಗೆ ಇಟ್ಟೆ.
'ಇದೇ ಕಡೀದು.'

ಮೆರವಣಿಗೆಯ ದಿನ ಅಣ್ಣ ಜಿಗಿಯಲೇ ಇಲ್ಲ, ಮೊಳಕಾಲು ನೋವಂತೆ.
ಮೂವತ್ತೆರಡು ಪೆಟ್ಟು ಖಾಲಿ ಹೋದವು.
ರೇಷನ್ ಅಂಗಡಿ ಏರಿನಲ್ಲಿ ಟ್ರ್ಯಾಕ್ಟರು ಒಂದನೇ ಗೇರಿಗೆ ಬಂತು,
ಹಲಗೆಯೂ ಬಂತು.
ಮುಂದೆ ಕರೆಂಟಿನ ತಂತಿ ಅಡ್ಡ. ಗಳದಿಂದ ಅದನ್ನೆತ್ತುವ ಹೊತ್ತಿಗೆ
ಎಲ್ಲ ತಪ್ಪಿ, ಜನರೇಟರ್ ಗೊರಗೊರ, ಒಬ್ಬನ ಚಪ್ಪಲಿ ಕಳೆದು,
ಮತ್ತೆ ಹಸಿರು ಒತ್ತಿ ಸರಿ ಮಾಡಿದೆ.

ಗೌಡರ ಮನೆ ಬಂತು.
ಕೆಂಪು ಒತ್ತಿದೆ.
ಅವಸರದ ಆ ಎಂಟು ಪೆಟ್ಟು
ಹೋದ ಹಾಗೆ ಹೋಗಿ, ತಿರುಗಿ ಬಂದು, ಅಲ್ಲೇ,
ಮತ್ತೆ ಅಲ್ಲೇ.
ಡ್ರೈವರ್ ನನ್ನ ಮುಖ ನೋಡಿ ಕ್ಲಚ್ ಒತ್ತಿದ.
ಮೇಲಿನ ಕಿಟಕಿಯಲ್ಲಿ ಹುಡುಗನೊಬ್ಬ ಫೋನು ಎತ್ತಿ ಹಿಡಿದಿದ್ದ,
ಅವನ ಹಿಂದೆ ಯಾರೋ ದೀಪ ಆರಿಸಿದರು.

ಟ್ರಾಲಿಯ ಪಕ್ಕ ಯಮನೂರಪ್ಪ ಕಾಕಾ, ಬರಿಗೈ,
ಬೆರಳ ಗೆಣ್ಣು ಮುಟ್ಟಿ ಮುಟ್ಟಿ ಏನೋ ಲೆಕ್ಕ.
ಸ್ಪೀಕರಿಗಿಂತ ಜೋರಾಗಿ ಒದರಿದ:
'ಹುಸೇನಪ್ಪಾ, ನಾ ಕೊಟ್ಟಿದ್ದು ಎಂಟು. ಹದಿನಾರು ಸಲ ಆತು.
ನೂರಾ ಇಪ್ಪತ್ತೆಂಟು ಪೆಟ್ಟಿನ ಕೂಲಿ ತೆಗಿ!'

'ತಡಿ ಕಾಕಾ,' ಅಂದೆ, ಬೆರಳು ಎತ್ತದೆ,
'ಇನ್ನೂ ನಡದೈತಿ. ಎಣಸು.'