ಉಷ್ಟ, ಉಷ್ಣ

ಪುಣೆಯ ಡಿಸೆಂಬರು. ಬೆಳಗಿನ ಆರು. ಒಂಬತ್ತು ಡಿಗ್ರಿ.
ಹಡಪಸರದ ಹೆರಿಗೆ ಆಸ್ಪತ್ರೆಯ ಮಾಳಿಗೆ ಮೇಲೆ
ಪಾರಿವಾಳದ ಹಿಕ್ಕೆ ಕೆರೆಯುತ್ತಿದ್ದೇನೆ
ನಲವತ್ತು ಸೋಲಾರ್ ಹಲಗೆಗಳಿಂದ, ಒಂದೊಂದಾಗಿ.
ಬಕೆಟ್ಟಿನ ನೀರು ಬೆರಳ ಸಂದಿಯಲ್ಲಿ ಕಚ್ಚುತ್ತದೆ.

ಪಕ್ಕದಲ್ಲೇ ತಗಡಿನ ಪೆಟ್ಟಿಗೆ,
ಎತ್ತಿನಗಾಡಿಯಷ್ಟು ಉದ್ದ, ಹಗಲಿರುಳೂ ಗುನುಗುವಂಥದು.
ಒಳಗೆ ಅಲ್ಯುಮಿನಿಯಂ ಹಾಳೆಗಳು,
ಹಪ್ಪಳಕ್ಕಿಂತ ತೆಳು, ಒತ್ತೊತ್ತಾಗಿ ನೂರಾರು.
ಹಾಳೆಯ ಈ ಮಗ್ಗುಲಲ್ಲಿ ಹೊರಗೆ ಹೊರಟ ಗಾಳಿ:
ಡೆಟ್ಟಾಲು, ಮೊಲೆಹಾಲು, ಮೆಂತೆ ಲಾಡು,
ರಾತ್ರಿಯಿಡೀ ನರಳಿದ ಮೂವರ ಉಸಿರು.
ಆ ಮಗ್ಗುಲಲ್ಲಿ ಒಳಗೆ ಬರುವ ಗಾಳಿ,
ಮುಳಾ-ಮುಠಾ ದಾಟಿ, ನಡುಗುತ್ತ ಬಂದದ್ದು.
ಒಂದನ್ನೊಂದು ಮುಟ್ಟುವುದಿಲ್ಲ.
ಬಿಸಿ ಮಾತ್ರ ದಾಟುತ್ತದೆ.

ಹೊತ್ತೇರಿದ ಮೇಲೆ ಹಲಗೆಗಳ ಬೆನ್ನು ಕಾಯುತ್ತದೆ.
ಆ ಬೆನ್ನ ಹಿಂದಿನಿಂದಲೇ ಗಾಳಿ ಎಳೆದುಕೊಳ್ಳುತ್ತೇವೆ,
ಹಲಗೆಗೆ ತಂಪು, ಕೂಸುಗಳಿಗೆ ಬೆಚ್ಚಗೆ.
ಫ್ಯಾನು ತಿರುಗಿಸುವ ಕರೆಂಟೂ ಅವುಗಳದೇ.
ಮೇ ತಿಂಗಳಲ್ಲಿ ಡ್ಯಾಂಪರು ತಿರುವಿ
ಗಾಳಿಯ ದಾರಿ ಬದಲಿಸುತ್ತೇನೆ; ಅದು ಬೇರೆ ಕತೆ.

ನಿನ್ನೆ, ಸ್ಪೆಷಲ್ ರೂಮಿನ ಜಾಳಿಗೆ ಒರೆಸುವಾಗ,
ಸೊಸೆಯ ಮಂಚದ ಬದಿ ಕೂತ ಮುದುಕಿ
ಮೂಗಿಗೆ ಸೆರಗು ಹಿಡಿದು ಕೇಳಿದಳು:
‘ಕೆಳಗಿನ ವಾರ್ಡಿನವರ ಉಷ್ಟ ಗಾಳಿಯಲ್ಲ ತಾನೆ ಇದು?’
ಉಷ್ಟ ಅಂದರೆ ಮರಾಠಿಯಲ್ಲಿ ಎಂಜಲು.
ಒಂದು ಒತ್ತಕ್ಷರ ಜಾರಿದರೆ ಉಷ್ಣ.
ಹೆಸರು ಕೇಳಿದಳು. ಭೀಮಶಾ ಅಂದೆ.
ಅಡ್ಡಹೆಸರು?
ಇಂಡಿ ಕಡೆಯವ, ಅಂದೆ,
ಪ್ರಶ್ನೆ ತಿಳಿಯದವನ ಹಾಗೆ.

ನಮ್ಮ ಆಯಿಗೆ ಗೌಡರ ಹಿತ್ತಿಲಲ್ಲಿ
ತಂಬಿಗೆ ಎತ್ತಿ ಹಿಡಿದು ನೀರು ಹೊಯ್ಯುತ್ತಿದ್ದರಂತೆ,
ಮೊಳ ದೂರದಿಂದ, ಬೊಗಸೆಗೆ.
ಅಲ್ಲೂ ಮುಟ್ಟುತ್ತಿರಲಿಲ್ಲ.
ದಾಟಿದ್ದು ನೀರೊಂದೇ.

‘ಗಾಳಿ ಹೊರಗಿಂದು, ಆಜಿ.’
‘ಮತ್ತೆ ಈ ಬಿಸಿ?’
ಎಲ್ಲರದು; ಮೀಟರು ಡಿಗ್ರಿ ತೋರಿಸುತ್ತದೆ,
ಮನೆತನ ತೋರಿಸುವುದಿಲ್ಲ, ಅನ್ನಬೇಕಿತ್ತು.
ಅನ್ನಲಿಲ್ಲ. ನೌಕರಿ.
‘ಬಿಸಿಲಿಂದು’ ಅಂದೆ.
ಅರ್ಧ ಸುಳ್ಳು; ಆಗ ರಾತ್ರಿ ಎಂಟು ಗಂಟೆ.

ಏಣಿ ಮಡಿಸಿ ಹೊರಡುವಾಗ ತಿರುಗಿ ನೋಡಿದೆ.
ಕೂಸು ಕೆಮ್ಮಿತೆಂದು ಎದ್ದಿದ್ದಳು ಮುದುಕಿ.
ಜಾಳಿಗೆಯ ಕೆಳಗೆ ನಿಂತು
ಸೆರಗು ಜಾರಿದ್ದರ ಪರಿವೆ ಇಲ್ಲದೆ
ಎರಡೂ ಕೈ ಬೊಗಸೆ ಮಾಡಿ ಒಡ್ಡಿದ್ದಳು,
ತುಂಬಿದ ಮೇಲೆ ಮೊಮ್ಮಗಳ ಪಾದಕ್ಕೆ ಒತ್ತುತ್ತಿದ್ದಳು,
ಮತ್ತೆ ಒಡ್ಡುತ್ತಿದ್ದಳು.

ಹದಿನೇಳನೆಯ ಹಲಗೆ.
ಹಿಕ್ಕೆ ಒಣಗಿ ಸುಣ್ಣದಂತೆ ಹಿಡಿದಿದೆ, ಉಗುರೇ ಬೇಕು.
ಇನ್ನೂ ಇಪ್ಪತ್ತಮೂರು.